ಎಣ್ಣೆಯ ಹಡಗೂ ಮೀನಿನ ಬುಟ್ಟಿಯೂ

ಸಮುದ್ರಮಾರ್ಗವಾಗಿ ಖನಿಜತೈಲವನ್ನು ಸಾಗಿಸುವದರಿಂದ ನಮ್ಮ ಕರಾವಳಿಗೆ ಉಂಟಾಗುವ ಲಾಭವು ಹೆಚ್ಚಿನದೋ, ಕಡಲಿಗೂ ಕಡಲನ್ನು ನಂಬಿದವರಿಗೂ ಅದರಿಂದ ಒದಗಬಹುದಾದ ಅಪಾಯವು ಹೆಚ್ಚಿನದೋ ಎಂಬ ವಿಷಯವನ್ನು ನಮ್ಮ ಮೇಲಿನ ತರಗತಿಗಳ ಚರ್ಚಾಸಂಘದವರು ಈ ವರುಷ ವಾದಕ್ಕೆ ಎತ್ತಿಕೊಂಡರು. ವಿಷಯವನ್ನು ಆರಿಸಿದವರು ವಿದ್ಯಾರ್ಥಿನಿಯರೇ. ಇದರಲ್ಲಿ ಆಶ್ಚರ್ಯಪಡತಕ್ಕದ್ದು ಏನೂ ಇಲ್ಲ. ಒಂದೇ ಬೆಂಚಿನ ಮೇಲೆ ಕುಳಿತುಕೊಳ್ಳುವ ಹುಡುಗಿಯರಲ್ಲಿ ಒಬ್ಬಳ ತಂದೆ ಪಣಂಬೂರಿನ ಬಂದರಿನಲ್ಲಿಯೋ ತೈಲಶುದ್ಧೀಕರಣದ ಕಾರ್ಖಾನೆಯಲ್ಲಿಯೋ ಸಂಬಳ ಪಡೆಯುವವರು. ಮತ್ತೊಬ್ಬಳ ತಾಯಿ ಬೆಳಗಿನ ಜಾವ ದಕ್ಕೆಯಲ್ಲಿ ಮೀನು ಕೊಂಡು ಬೀದಿ ಬೀದಿ ಮಾರುವವರು. ಕೆಲವು ಮನೆಗಳಲ್ಲಿ ಈ ಎರಡು ಬಗೆಯ ಸಂಪಾದನೆಯೂ ಒಂದೇ ಮಾಡಿನ ಕೆಳಗೆ ಉಂಟು. ತೀರ್ಪು ಯಾವ ಪಕ್ಷಕ್ಕೆ ಬಂತೆಂಬದು ಇಲ್ಲಿ ಮುಖ್ಯವಲ್ಲ. ಸಭೆಯು ಮುಗಿದ ಮೇಲೆ ಕೆಲವು ಮಂದಿ ತಾಯಿತಂದೆಗಳು, ಈ ಸಂಗತಿಯನ್ನು ವಿವರವಾಗಿ ಬರೆದರೆ ಒಳ್ಳೆಯದೆಂದು ಕೇಳಿಕೊಂಡದ್ದರಿಂದ ಈ ಲೇಖನವನ್ನು ಸಂಚಿಕೆಗೆ ಕೊಟ್ಟಿದ್ದೇನೆ.

ನಮ್ಮ ಬಂದರಿನಿಂದಲೇ ಆರಂಭಿಸುವದು ಲೇಸು. ನವಮಂಗಳೂರು ಬಂದರು ೧೯೭೪ನೆಯ ಇಸವಿ ಮೇ ತಿಂಗಳಲ್ಲಿ ಭಾರತದ ಒಂಭತ್ತನೆಯ ಮಹಾಬಂದರೆಂದು ಘೋಷಿಸಲ್ಪಟ್ಟು, ೧೯೭೫ನೆಯ ಜನವರಿಯಲ್ಲಿ ಇಂದಿರಾಗಾಂಧಿಯವರಿಂದ ಉದ್ಘಾಟಿಸಲ್ಪಟ್ಟಿತು. ಆ ಕಾಲದಲ್ಲಿ ಅದರ ದೊಡ್ಡ ನಂಬಿಕೆಯು ಕುದುರೆಮುಖದ ಕಬ್ಬಿಣದ ಅದಿರಿನ ಮೇಲೆ ಇತ್ತು. ಆ ಗಣಿಯು ೨೦೦೫ರ ಕೊನೆಗೆ ನಿಂತುಹೋಯಿತು. ಆಗ ಬಂದರು ಬರಿದಾಗದೆ ಉಳಿದದ್ದು ಬಹುಮಟ್ಟಿಗೆ ಎಣ್ಣೆಯಿಂದಲೇ ಎನ್ನಬಹುದು. ೧೯೯೬ರಲ್ಲಿ ವರುಷಕ್ಕೆ ೩೦ ಲಕ್ಷ ಟನ್ನು ಕಚ್ಚಾ ತೈಲವನ್ನು ಶುದ್ಧಿಮಾಡುವ ಶಕ್ತಿಯುಳ್ಳದ್ದಾಗಿ ಹುಟ್ಟಿದ ಇಲ್ಲಿಯ ಶುದ್ಧೀಕರಣಾಲಯಕ್ಕೆ ಈಗ ೧೫೦ ಲಕ್ಷ ಟನ್ನುಗಳ ಶಕ್ತಿಯಿದೆ. ಅದಕ್ಕೆ ಬೇಕಾದ ಕಚ್ಚಾ ತೈಲವು ಹಡಗಿನಲ್ಲಿ ಬರತಕ್ಕದ್ದು. ಬಂದರಿನ ಆಳಕ್ಕೆ ಹೊಂದದ ಅತಿ ದೊಡ್ಡ ಹಡಗುಗಳು ೨೦೧೩ರಿಂದ ಹೊರಗಡಲಿನಲ್ಲಿಯೇ ಒಂದು ತೇಲುಬುರುಡೆಗೆ ಕಟ್ಟಿಕೊಂಡು, ಸಮುದ್ರದ ತಳದಲ್ಲಿ ಹಾಸಿದ ಕೊಳವೆಯ ಮೂಲಕ ತೈಲವನ್ನು ದಡಕ್ಕೆ ಇಳಿಸುತ್ತವೆ. ಶುದ್ಧಿಯಾದ ಎಣ್ಣೆಯಲ್ಲಿ ಒಂದು ಪಾಲು ಪುನಃ ಹಡಗನ್ನೇರಿ ಬೇರೆ ಬಂದರುಗಳಿಗೆ ಹೋಗುವದು.

ಇದಲ್ಲದೆ, ಯುದ್ಧವೋ ಬೇರೆ ಸಂಕಟವೋ ಬಂದು ತೈಲದ ಬರವು ನಿಂತರೆ ದೇಶವು ಕೆಲವು ದಿನ ತಾಳಿಕೊಳ್ಳಬೇಕೆಂದು ಬಂಡೆಯ ಒಳಗೆ ಗುಹೆಗಳನ್ನು ಕೊರೆದು ಎಣ್ಣೆಯನ್ನು ಕೂಡಿಡುವ ಏರ್ಪಾಡು ಉಂಟು. ಮೊದಲನೆಯ ಹಂತದಲ್ಲಿ ಮಾಡಿದ ಈ ಗುಹೆಗಳು ಮೂರು ಊರುಗಳಲ್ಲಿ ಇವೆ: ವಿಶಾಖಪಟ್ಟಣ, ಮಂಗಳೂರು, ಉಡುಪಿ ಜಿಲ್ಲೆಯ ಪಾದೂರು. ಒಟ್ಟು ೫೩.೩ ಲಕ್ಷ ಟನ್ನುಗಳಲ್ಲಿ ಮಂಗಳೂರಿನಲ್ಲಿ ೧೫ ಲಕ್ಷ, ಪಾದೂರಿನಲ್ಲಿ ೨೫ ಲಕ್ಷ. ಅಂದರೆ ದೇಶದ ಈ ಉಗ್ರಾಣದ ಮುಕ್ಕಾಲು ಪಾಲು ನಮ್ಮ ತೆಂಗಿನ ತೋಟಗಳ ಅಡಿಯಲ್ಲಿ ಅಡಗಿದೆ. ಭಾರತವು ತನಗೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ ಎಂಬತ್ತೈದಕ್ಕಿಂತಲೂ ಹೆಚ್ಚನ್ನು ಹೊರದೇಶಗಳಿಂದ ತರಿಸಿಕೊಳ್ಳುತ್ತದೆ ಎಂಬದನ್ನು ಬಲ್ಲವರು ಈ ಗುಹೆಗಳನ್ನು ಆಡಂಬರವೆಂದು ಹೇಳಲಾರರು.

ಲಾಭದ ಪಕ್ಷವನ್ನು ಹಿಡಿದವರು ಸಂಬಳ, ಸುಂಕ, ವ್ಯಾಪಾರ ಎಂದು ಹೇಳಿ ನಿಲ್ಲಿಸುವದುಂಟು. ನನಗೆ ಇವುಗಳಿಗಿಂತ ಬಲವಾಗಿ ಕಾಣುವ ವಾದವು ಬೇರೊಂದಿದೆ. ಅದು ರಸ್ತೆಯ ವಾದ. ಎಣ್ಣೆಯು ಹಡಗಿನಲ್ಲಿ ಬಾರದಿದ್ದರೆ ಮತ್ತು ಕೊಳವೆಯಲ್ಲಿ ಹೋಗದಿದ್ದರೆ ಲಾರಿಯಲ್ಲಿ ಹೋಗಬೇಕು. ಇಪ್ಪತ್ತು ಸಾವಿರ ಟನ್ನು ಅಡಿಗೆ ಅನಿಲವನ್ನು ತರುವ ಒಂದು ಹಡಗಿನ ಹೊರೆಯನ್ನು ಹದಿನೆಂಟು ಟನ್ನು ಹಿಡಿಯುವ ಟ್ಯಾಂಕರು ಲಾರಿಗಳಿಗೆ ಹಂಚಿದರೆ ಸಾವಿರದ ನೂರಕ್ಕಿಂತ ಹೆಚ್ಚು ಲಾರಿಗಳು ಬೇಕಾಗುವವು. (ಈ ಭಾಗಾಕಾರವನ್ನು ಸಭೆಯಲ್ಲಿ ನಿಂತ ನಿಲುವಿನಲ್ಲಿಯೇ ಮಾಡಿ ತೋರಿಸಿದ ಹುಡುಗಿಗೆ ಎದುರುಪಕ್ಷದವರೂ ಚಪ್ಪಾಳೆ ತಟ್ಟಿದರು.) ೨೦೧೩ನೆಯ ಏಪ್ರಿಲ್ ತಿಂಗಳಲ್ಲಿ ಉಪ್ಪಿನಂಗಡಿಯ ಬಳಿಯ ಪೆರ್ನೆಯಲ್ಲಿ ಇಂಥ ಅನಿಲದ ಲಾರಿಯೊಂದು ಮಗುಚಿ ಬೆಂಕಿ ಹತ್ತಿ, ರಸ್ತೆಯ ಬದಿಯ ಮನೆಗಳಲ್ಲಿದ್ದವರೂ ಸುಟ್ಟು ಸತ್ತದ್ದನ್ನು ಈ ಜಿಲ್ಲೆಯವರು ಮರೆತಿಲ್ಲ. ಮಂಗಳೂರಿನಿಂದ ಹಾಸನದ ಮಾರ್ಗವಾಗಿ ಬೆಂಗಳೂರಿಗೆ ಪೆಟ್ರೋಲು ಡೀಸೆಲುಗಳ ಕೊಳವೆ ೨೦೦೩ರಲ್ಲಿಯೇ ಆರಂಭವಾಗಿತ್ತು. ಅನಿಲಕ್ಕೂ ಕೊಳವೆಮಾರ್ಗವು ಆ ಮೇಲೆ ಬಂತು. ಹಡಗು ಮತ್ತು ಕೊಳವೆ ಎಂಬಿವು ಬೇಡವೆಂದರೆ ಅಪಾಯವು ಇಲ್ಲದೆ ಹೋಗುವದಿಲ್ಲ. ಅದು ಕಡಲನ್ನು ಬಿಟ್ಟು ಶಿರಾಡಿ ಘಾಟಿಯನ್ನು ಹತ್ತುವದು, ಅಷ್ಟೇ.

ಇನ್ನು ಅಪಾಯದ ಪಕ್ಷ. ಇಲ್ಲಿ ಒಂದು ಭೇದವನ್ನು ಸ್ಪಷ್ಟವಾಗಿ ತಿಳಿಯತಕ್ಕದ್ದು. ಹಡಗಿನ ಮೇಲೆ ಎರಡು ಬಗೆಯ ಎಣ್ಣೆ ಇರಬಹುದು. ಒಂದು, ಅದು ಸರಕಾಗಿ ಹೊತ್ತು ತರುವ ಎಣ್ಣೆ. ಮತ್ತೊಂದು, ತನ್ನ ಯಂತ್ರವನ್ನು ನಡಿಸುವದಕ್ಕಾಗಿ ಒಯ್ಯುವ ಉರುವಲೆಣ್ಣೆ. ಮೊದಲನೆಯದು ತೈಲದ ಹಡಗುಗಳಲ್ಲಿ ಮಾತ್ರ ಉಂಟು. ಎರಡನೆಯದು ಅಕ್ಕಿಯ ಹಡಗಿನಲ್ಲಿಯೂ ಉಂಟು, ಉಕ್ಕಿನ ಹಡಗಿನಲ್ಲಿಯೂ ಉಂಟು, ಆಟದ ಸಾಮಾನುಗಳನ್ನು ಪೆಟ್ಟಿಗೆಯಲ್ಲಿ ತುಂಬಿ ತರುವ ಹಡಗಿನಲ್ಲಿಯೂ ಉಂಟು. ಮತ್ತು ಅದು ಅನೇಕ ಸಲ ಟಾರಿನಂತೆ ಮಂದವಾದ ಫರ್ನೇಸ್ ಎಣ್ಣೆ.

ತೈಲದ ಹಡಗಿನ ಅನಾಹುತಕ್ಕೆ ಲೋಕವೆಲ್ಲ ಹೇಳುವ ಉದಾಹರಣೆ ಅಲಾಸ್ಕದ್ದು. ೧೯೮೯ನೆಯ ಮಾರ್ಚ್ ೨೪ರಂದು ಎಕ್ಸಾನ್ ವಾಲ್ಡೀಸ್ ಎಂಬ ಹಡಗು ಪ್ರಿನ್ಸ್ ವಿಲಿಯಂ ಕೊಲ್ಲಿಯಲ್ಲಿ ಬಂಡೆಗೆ ತಗಲಿ ಸುಮಾರು ೩೭,೦೦೦ ಟನ್ನು ಕಚ್ಚಾ ತೈಲವನ್ನು ಚೆಲ್ಲಿತು. ನಾಲ್ಕು ವರುಷಗಳ ಬಳಿಕ ಅಲ್ಲಿಯ ಹೆರಿಂಗ್ ಮೀನು ಕುಸಿದುಹೋಯಿತು. ಅದಕ್ಕೆ ಎಣ್ಣೆಯೇ ಕಾರಣವೋ ರೋಗವೋ ಎಂದು ವಿದ್ವಾಂಸರು ಇನ್ನೂ ವಾದಿಸುತ್ತಾರೆ; ಹೆರಿಂಗನ್ನು ಹಿಡಿಯುತ್ತಿದ್ದವರ ಕಸುಬಂತೂ ಮೊದಲಿನಂತೆ ಆಗಲಿಲ್ಲ. ಆ ಅನಾಹುತದಿಂದ ಒಂದು ಒಳ್ಳೆಯದೂ ಆಯಿತು. ಎಣ್ಣೆಯ ಹಡಗಿಗೆ ಒಂದರೊಳಗೊಂದು ಎರಡು ಗೋಡೆಗಳು ಇರಲೇಬೇಕೆಂಬ ಕಟ್ಟಳೆಯು ಮೊದಲು ಅಮೆರಿಕದಲ್ಲಿ ೧೯೯೦ರಲ್ಲಿಯೂ, ಬಳಿಕ ಎಲ್ಲಾ ದೇಶಗಳ ಒಪ್ಪಂದದಲ್ಲಿಯೂ ಬಂತು. ಫಲವು ಲೆಕ್ಕದಲ್ಲಿ ಕಾಣುತ್ತದೆ. ತೈಲದ ಹಡಗುಗಳಿಂದ ಏಳುನೂರು ಟನ್ನಿಗೆ ಮಿಕ್ಕಿ ಚೆಲ್ಲಿದ ಪ್ರಸಂಗಗಳು ೧೯೭೦ರ ದಶಕದಲ್ಲಿ ಲೋಕದಲ್ಲೆಲ್ಲ ವರುಷಕ್ಕೆ ಸರಾಸರಿ ಇಪ್ಪತ್ತನಾಲ್ಕಕ್ಕಿಂತ ಹೆಚ್ಚು ಇದ್ದವು. ೨೦೧೦ರ ದಶಕದಲ್ಲಿ ಎರಡಕ್ಕಿಂತಲೂ ಕಡಿಮೆ.

ಹೀಗಿರುವಲ್ಲಿ ನಮ್ಮ ಕಡಲಿನಲ್ಲಿ ಆದದ್ದೇನೆಂದು ನೋಡಿರಿ. ೨೦೦೬ನೆಯ ಮೇ ೩೦ರಂದು ಕಾರವಾರದ ಹತ್ತಿರ ಆಯ್ಸ್ಟರ್ ಬಂಡೆಗಳಿಗೆ ತಗಲಿ ಒಡೆದ ಓಶನ್ ಸೆರಾಯ ಎಂಬದು ತೈಲದ ಹಡಗಲ್ಲ, ಸಾಮಾನ್ಯ ಸರಕಿನ ಹಡಗು; ಚೆಲ್ಲಿದ್ದು ಅದರ ಉರುವಲೆಣ್ಣೆ. ಮಳೆಗಾಲದ ಅಲೆಗಳು ಅದನ್ನು ಕಾರವಾರದ ದಂಡೆಗೂ ಗೋವೆಯ ದಕ್ಷಿಣ ತೀರಕ್ಕೂ ಒಯ್ದವು. ೨೦೨೨ನೆಯ ಜೂನ್ ತಿಂಗಳಲ್ಲಿ ಉಳ್ಳಾಲದ ಹೊರಗೆ ತಳಕಂಡ ಪ್ರಿನ್ಸೆಸ್ ಮಿರಾಲ್ ಸುಮಾರು ೮,೦೦೦ ಟನ್ನು ಉಕ್ಕಿನ ಸುರುಳಿಗಳನ್ನು ಹೊತ್ತದ್ದು. ಅದರ ಹದಿನೈದು ಮಂದಿ ಸಿರಿಯದ ನಾವಿಕರನ್ನು ಕರಾವಳಿ ರಕ್ಷಕದಳದವರು ಜೀವಸಹಿತ ದಡಕ್ಕೆ ತಂದರು. ಆದರೆ ಹಡಗಿನೊಳಗೆ ಇನ್ನೂರಕ್ಕಿಂತ ಹೆಚ್ಚು ಟನ್ನು ಉರುವಲೆಣ್ಣೆ ಇತ್ತೆಂದು ತಿಳಿದು ತೀರದವರು ಕಳವಳಪಟ್ಟರು. ೨೦೨೫ನೆಯ ಮೇ ೨೫ರಂದು ಕೊಚ್ಚಿಯಿಂದ ೩೮ ನಾಟಿಕಲ್ ಮೈಲು ದೂರದಲ್ಲಿ ಮುಳುಗಿದ ಎಂ.ಎಸ್.ಸಿ. ಎಲ್ಸಾ ೩ ಎಂಬದು ೬೪೦ ಪೆಟ್ಟಿಗೆಗಳ ಹಡಗು. ಅದರಲ್ಲಿ ೩೬೭ ಟನ್ನು ಫರ್ನೇಸ್ ಎಣ್ಣೆಯೂ ೮೪ ಟನ್ನು ಡೀಸೆಲೂ ಇದ್ದವು. ಒಡೆದ ಪೆಟ್ಟಿಗೆಗಳಿಂದ ಚೆಲ್ಲಿದ ಪ್ಲಾಸ್ಟಿಕ್ ಕಾಳುಗಳು ತಿರುವನಂತಪುರದ ಮರಳಿನಲ್ಲಿ ಸಾಬೂದಾನದಂತೆ ಬಿದ್ದಿದ್ದವು.

ಪೂರ್ವ ಕರಾವಳಿಯ ಎಣ್ಣೂರಿನ ಪ್ರಸಂಗವು ಇನ್ನೂ ವಿಚಿತ್ರವಾದದ್ದು. ೨೦೧೭ನೆಯ ಜನವರಿ ೨೮ರ ಮುಂಜಾವದಲ್ಲಿ ಅಲ್ಲಿ ಒಂದು ಅನಿಲದ ಹಡಗೂ ಒಂದು ತೈಲದ ಹಡಗೂ ಡಿಕ್ಕಿಹೊಡೆದವು. ತೈಲದ ಹಡಗಿನಲ್ಲಿ ಮೂವತ್ತೆರಡು ಸಾವಿರ ಟನ್ನಿಗಿಂತ ಹೆಚ್ಚಾದ ಸರಕು ಇತ್ತು. ಆ ಸರಕು ಚೆಲ್ಲದೆ ಉಳಿಯಿತು; ಸಮುದ್ರಕ್ಕೆ ಬಿದ್ದದ್ದು ಉರುವಲೆಣ್ಣೆ, ಇನ್ನೂರು ಟನ್ನಿನ ಆಸುಪಾಸು. ಅಷ್ಟಕ್ಕೇ ಚೆನ್ನಪಟ್ಟಣದ ತೀರದಲ್ಲಿ ಮೈಲುಗಟ್ಟಲೆ ಕಪ್ಪು ಕೆಸರು ಕಟ್ಟಿತು. ಬೆಸ್ತರೂ ಕಾಲೇಜಿನ ಹುಡುಗರೂ ಬಕೆಟ್ಟಿನಿಂದ ಮೊಗೆಮೊಗೆದು ತೆಗೆಯಬೇಕಾಯಿತು. ಮೊದಲನೆಯ ದಿನ, ಎಣ್ಣೆಯೇನೂ ಚೆಲ್ಲಿಲ್ಲವೆಂಬ ಹೇಳಿಕೆಯು ಬಂದರಿನಿಂದ ಹೊರಟಿತ್ತು.

ಆದಕಾರಣ, ಎಣ್ಣೆಯ ಹಡಗು ಬರಬೇಕೋ ಬಾರದೋ ಎಂದು ಮಾತ್ರ ವಾದಿಸುವವರು ಅರ್ಧ ವಿಷಯವನ್ನು ಬಿಟ್ಟುಬಿಡುತ್ತಾರೆ ಎಂಬದು ನನ್ನ ಅಭಿಪ್ರಾಯ. ತೈಲದ ಹಡಗಿನ ಕೇಡು ಅಪೂರ್ವ, ಆದರೆ ಬಂದರೆ ಅಪಾರ. ಉಳಿದ ಹಡಗುಗಳ ಕೇಡು ಸಣ್ಣದು, ಆದರೆ ನಮ್ಮ ಬಾಗಲಿಗೆ ಬಂದದ್ದು ಅದೇ. ಎರಡನೆಯದಕ್ಕೆ ಸನ್ನದ್ಧವಾಗದ ತೀರವು ಮೊದಲನೆಯದನ್ನು ಎದುರಿಸಲಾರದು.

ಮೇಲೆ ಹೇಳಿದ ಪಡುವಣ ತೀರದ ಮೂರು ಪ್ರಸಂಗಗಳ ತಾರೀಕುಗಳನ್ನು ಇನ್ನೊಮ್ಮೆ ನೋಡಿರಿ: ಮೇ ತಿಂಗಳ ಕೊನೆ, ಜೂನ್, ಮೇ ತಿಂಗಳ ಕೊನೆ. ಇದು ಕಾಕತಾಳೀಯವಲ್ಲ. ಮುಂಗಾರಿನ ಗಾಳಿಯು ಏಳುವಾಗ ಹಳೆಯ ಹಡಗೂ ಸರಿಯಾಗಿ ಹೊರೆಕಟ್ಟದ ಹಡಗೂ ತಾಳಲಾರವು. ಎಣ್ಣೆಯನ್ನು ಸುತ್ತುಗಟ್ಟುವದಕ್ಕೆ ನೀರಿನ ಮೇಲೆ ಹರವುವ ತೇಲುಬೇಲಿಗಳೂ ಅದನ್ನು ಹೀರುವ ಯಂತ್ರಗಳೂ ಶಾಂತವಾದ ನೀರಿನಲ್ಲಿ ಕೆಲಸ ಮಾಡತಕ್ಕವು. ಆಳೆತ್ತರದ ತೆರೆಗಳಲ್ಲಿ ಅವು ಬಹಳ ಪ್ರಯೋಜನಕ್ಕೆ ಬಾರವು. ಗಾಳಿಯಾದರೋ ಪಶ್ಚಿಮದಿಂದ ದಡಕ್ಕೆ ಬೀಸುತ್ತದೆ. ಜೂನ್ ೧ರಿಂದ ಜುಲೈ ೩೧ರ ವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆಯ ನಿಷೇಧವಿರುವದರಿಂದ ಆ ಎರಡು ತಿಂಗಳು ಕಡಲಿಗಿಳಿಯುವವರು ನಾಡದೋಣಿಯ ಬಡವರು ಮಾತ್ರ. ಅವರು ದಡದ ಸಮೀಪದಲ್ಲಿಯೇ ಬಲೆ ಬೀಸುವವರು. ಯಾವ ಕಾಲದಲ್ಲಿ ಹಡಗು ಒಡೆಯುವದು ಹೆಚ್ಚೋ, ಎಣ್ಣೆಯನ್ನು ತೆಗೆಯುವದು ಕಷ್ಟವೋ, ಅದೇ ಕಾಲದಲ್ಲಿ ಕಡಲಿನಲ್ಲಿ ಉಳಿದಿರುವವರು ನಷ್ಟವನ್ನು ತಾಳಲು ಎಲ್ಲರಿಗಿಂತ ಕಡಿಮೆ ಶಕ್ತಿಯುಳ್ಳವರು.

ನೀರಿಗೆ ಬಿದ್ದ ಎಣ್ಣೆಯ ಗತಿ ಏನಾಗುತ್ತದೆ? ಪೆಟ್ರೋಲಿನಂಥ ಹಗುರವಾದದ್ದು ಬಹುಬೇಗನೆ ಆವಿಯಾಗುವದು. ಫರ್ನೇಸ್ ಎಣ್ಣೆಯು ಹಾಗಲ್ಲ. ಅದು ತೆರೆಗಳಲ್ಲಿ ಕಡೆಯಲ್ಪಟ್ಟು, ನೀರನ್ನು ಹೀರಿ, ರಾಗಿಯ ಅಂಬಲಿಯಂತೆ ಮಂದವಾಗಿ ಮೊದಲಿಗಿಂತ ಹಲವು ಪಟ್ಟು ಉಬ್ಬುತ್ತದೆ. ಆಮೇಲೆ ಒಡೆದು ಉಂಡೆಗಳಾಗಿ ದಡಕ್ಕೆ ಬರುತ್ತದೆ. ಮೇ ತಿಂಗಳಲ್ಲಿ ಮರಳಿನ ಮೇಲೆ ನಡೆದವರ ಅಂಗಾಲಿಗೆ ಅಂಟುವ ಕಪ್ಪು ಟಾರಿನ ಉಂಡೆಗಳನ್ನು ನಮ್ಮ ಮಕ್ಕಳೆಲ್ಲ ಬಲ್ಲರು. ಯಾವ ಹಡಗೂ ಒಡೆಯದ ವರುಷಗಳಲ್ಲಿಯೂ ಅವು ಬರುವದುಂಟು. ದೂರದ ಸಮುದ್ರದಲ್ಲಿ ಟ್ಯಾಂಕುಗಳನ್ನು ತೊಳೆದು ಹೊಲಸನ್ನು ಗುಟ್ಟಾಗಿ ಬಿಡುವವರ ಕೃತ್ಯವು ಅದರಲ್ಲಿ ಸೇರಿದೆ.

ಬೂತಾಯಿ, ಬಂಗುಡೆ ಮೊದಲಾದ ಮೀನುಗಳಿಗೆ ಈಜಿ ದೂರ ಹೋಗುವ ಉಪಾಯವಾದರೂ ಉಂಟು. ಅವುಗಳ ಮೊಟ್ಟೆಮರಿಗಳಿಗೆ ಇಲ್ಲ. ಅಳಿವೆಯ ಕೆಸರಿನಲ್ಲಿ ಹುದುಗಿರುವ ಮರುವಾಯಿಗೆ ಇಲ್ಲವೇ ಇಲ್ಲ. ನೇತ್ರಾವತಿ ಗುರುಪುರ ನದಿಗಳ ಕೂಡುವಾಯಿಯಿಂದ ಉತ್ತರಕನ್ನಡದ ಅಘನಾಶಿನಿಯ ವರೆಗೆ ಈ ಚಿಪ್ಪುಗಳನ್ನು ಹೆಕ್ಕಿ ಮಾರುವವರಲ್ಲಿ ಬಹುಮಂದಿ ಹೆಂಗಸರು. ದೋಣಿಯವನಿಗೆ ಒಂದು ಅಳಿವೆ ಕೆಟ್ಟರೆ ಇನ್ನೊಂದಕ್ಕೆ ಹೋಗಬಹುದು. ಮೊಣಕಾಲು ನೀರಿನಲ್ಲಿ ನಿಂತು ಹೆಕ್ಕುವವಳು ಎಲ್ಲಿಗೆ ಹೋಗಲಿ? ಮೀನು ಮಾರುವವಳ ಕಷ್ಟವು ಬೇರೊಂದು ಬಗೆಯದು. ಎಣ್ಣೆಯು ಅವಳ ಮೀನಿಗೆ ತಗಲಬೇಕೆಂದೂ ಇಲ್ಲ. ಎಣ್ಣೆ ಚೆಲ್ಲಿತೆಂಬ ಸುದ್ದಿ ಹಬ್ಬಿದರೆ ಸಾಕು, ಆ ವಾರ ಯಾರೂ ಮೀನನ್ನು ಕೊಳ್ಳರು. ಚೆನ್ನಪಟ್ಟಣದಲ್ಲಿಯೂ ಕೇರಳದಲ್ಲಿಯೂ ಹೀಗೆಯೇ ಆಯಿತು. ಕಡಲು ಸ್ವಚ್ಛವಾದ ಮೇಲೆಯೂ ಗಿರಾಕಿಯ ಸಂಶಯವು ಕೆಲವು ಕಾಲ ಸ್ವಚ್ಛವಾಗುವದಿಲ್ಲ.

ನಷ್ಟಕ್ಕೆ ಪರಿಹಾರವಿಲ್ಲವೇ ಎಂದರೆ, ಇದೆ. ಆದರೆ ಮೇಲೆ ಹೇಳಿದ ಭೇದವು ಇಲ್ಲಿಯೂ ಬರುತ್ತದೆ. ತೈಲದ ಹಡಗು ಸರಕಾಗಿ ತಂದ ಮಂದತೈಲವು ಚೆಲ್ಲಿದರೆ, ೧೯೯೨ರ ಒಪ್ಪಂದಗಳ ಪ್ರಕಾರ ಮೊದಲು ಹಡಗಿನ ಒಡೆಯನ ವಿಮೆಯೂ, ಅದು ಸಾಲದಾದರೆ ತೈಲವನ್ನು ತರಿಸಿಕೊಳ್ಳುವವರು ಲೋಕದಲ್ಲೆಲ್ಲ ಕೂಡಿಹಾಕಿದ ನಿಧಿಯೂ ಕೊಡತಕ್ಕದ್ದು. ಭಾರತವು ಇವೆರಡಕ್ಕೂ ಸೇರಿದೆ. ಸಾಮಾನ್ಯ ಹಡಗಿನ ಉರುವಲೆಣ್ಣೆಗೆ ೨೦೦೧ರ ಬೇರೆ ಒಪ್ಪಂದವಿದೆ. ಅದರಲ್ಲಿ ಒಡೆಯನ ವಿಮೆ ಮಾತ್ರ, ಎರಡನೆಯ ನಿಧಿಯಿಲ್ಲ. ಕಾಲವು ಎಷ್ಟು ಹಿಡಿಯುವದೆಂಬದಕ್ಕೆ ಅಲಾಸ್ಕವೇ ಸಾಕ್ಷಿ. ೧೯೮೯ರ ಆ ವ್ಯಾಜ್ಯದಲ್ಲಿ ದಂಡರೂಪವಾದ ಹಣ ಎಷ್ಟೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಹೇಳಿದ್ದು ೨೦೦೮ರಲ್ಲಿ. ಕೇಳಿದವರಲ್ಲಿ ಎಷ್ಟೋ ಮಂದಿ ಅಷ್ಟರೊಳಗೆ ಮಣ್ಣಾಗಿದ್ದರು. ಎಲ್ಸಾ ಮುಳುಗಿದ ಬಳಿಕ ಕೇರಳ ಸರಕಾರವು ನ್ಯಾಯಾಲಯದಲ್ಲಿ ಕೇಳಿದ ಮೊತ್ತ ೯,೫೩೧ ಕೋಟಿ ರೂಪಾಯಿ. ತೊಂದರೆಗೊಳಗಾದ ಬೆಸ್ತರ ಕುಟುಂಬಕ್ಕೆ ಆ ಹೊತ್ತಿಗೆ ಕೈಗೆ ಕೊಡಲು ಸರಕಾರದಿಂದಾದದ್ದು ಸಾವಿರ ರೂಪಾಯಿಯೂ ಆರು ಕಿಲೋ ಅಕ್ಕಿಯೂ. ಇದನ್ನು ಹೀಯಾಳಿಸಿ ಬರೆಯುವದಲ್ಲ. ಹಸಿದಾಗ ಬಂದ ಅಕ್ಕಿ ಅಕ್ಕಿಯೇ. ಆದರೂ ಆ ಎರಡು ಸಂಖ್ಯೆಗಳ ನಡುವಿನ ಅಂತರದಲ್ಲಿಯೇ ಈ ಚರ್ಚೆಯ ಸಾರವಿದೆಯೆಂದು ನನಗೆ ತೋರುತ್ತದೆ. ತೈಲದ ಲಾಭವು ಬೆಂಗಳೂರಿನ ಅಡಿಗೆಮನೆಯ ವರೆಗೆ ದಿನದಿನವೂ ಹನಿಹನಿಯಾಗಿ ಹಂಚಿಹೋಗುತ್ತದೆ. ಅದರ ಕೇಡು ಮಾತ್ರ ಒಂದು ದಿನ ಒಂದೇ ಮರಳದಂಡೆಯ ಮೇಲೆ ಬಂದು ಬೀಳುತ್ತದೆ.

ಹಡಗುಗಳು ಬಾರದಿರಲಿ ಎಂದು ನಾನು ಹೇಳಲಾರೆ. ಈ ಶಾಲೆಯ ಎಷ್ಟೋ ಮಕ್ಕಳ ಊಟವು ಅವುಗಳಿಂದ ಬರುತ್ತದೆ. ಆದರೆ ಲಾಭವನ್ನು ಉಣ್ಣುವವರು ಒದಗಿಸಲೇಬೇಕಾದ ಕೆಲವು ಸಂಗತಿಗಳಿವೆ. ಎಣ್ಣೆ ಚೆಲ್ಲಿದಾಗ ಕಡಲಿನ ಮೇಲಿನ ಕೆಲಸವನ್ನು ಕರಾವಳಿ ರಕ್ಷಕದಳವು ನಡಿಸಬೇಕೆಂದು ೧೯೯೬ರ ರಾಷ್ಟ್ರೀಯ ಯೋಜನೆಯು ಹೇಳುತ್ತದೆ. ದಡದ ಕೆಲಸವು ರಾಜ್ಯದವರದು. ದಡದ ಮಟ್ಟಿಗೆ ಮೊದಲು ಕಾಯಬೇಕಾದದ್ದು ಅಳಿವೆಗಳನ್ನು. ತೆರೆಯಲ್ಲಿ ನಿಲ್ಲದ ತೇಲುಬೇಲಿಯು ನದಿಯ ಬಾಯಿಯ ಒಳಗಣ ಶಾಂತವಾದ ನೀರಿನಲ್ಲಿ ನಿಲ್ಲಬಹುದು. ಅದು ಮೇ ತಿಂಗಳಿಗೆ ಮುಂಚೆಯೇ ಆಯಾ ಅಳಿವೆಯ ಹತ್ತಿರ ಸಿದ್ಧವಾಗಿರಬೇಕು. ಹಡಗು ಮುಳುಗಿದ ಮೇಲೆ ದೂರದೂರಿನಿಂದ ತರಿಸಿದರೆ ಪ್ರಯೋಜನವಿಲ್ಲ. ಹಡಗು ಕೆಟ್ಟ ದಿನವೇ ಇದ್ದದ್ದನ್ನು ಇದ್ದಂತೆ ಹೇಳಬೇಕು. ಎಣ್ಣೂರಿನಲ್ಲಾದಂತೆ ಮೊದಲು ಇಲ್ಲವೆಂದು ಆಮೇಲೆ ಹೌದೆಂದರೆ, ಮರುದಿನ ಮೀನು ಒಳ್ಳೆಯದೆಂಬ ಸತ್ಯವನ್ನೂ ಜನರು ನಂಬುವದಿಲ್ಲ. ಆ ಅಪನಂಬಿಕೆಗೆ ಬೆಲೆ ತೆರುವವಳು ಬುಟ್ಟಿಯವಳು.

ಇನ್ನೊಂದು ಸಂಗತಿಯು ನಮ್ಮ ಕೈಯಲ್ಲಿಯೇ ಇದೆ. ಪರಿಹಾರವನ್ನು ಕೇಳುವವರು ತಮ್ಮ ಮೊದಲಿನ ಸಂಪಾದನೆ ಎಷ್ಟಿತ್ತೆಂದು ತೋರಿಸಬೇಕು. ದೊಡ್ಡ ದೋಣಿಯವರಲ್ಲಿ ಡೀಸೆಲಿನ ಚೀಟಿ, ಹರಾಜಿನ ಚೀಟಿ, ಬ್ಯಾಂಕಿನ ಪುಸ್ತಕ ಇವೆಲ್ಲ ಇರುವವು. ಮರುವಾಯಿ ಹೆಕ್ಕುವವಳಲ್ಲಿಯೂ ಬುಟ್ಟಿ ಹೊತ್ತು ಮಾರುವವಳಲ್ಲಿಯೂ ಏನಿದೆ? ಬಾಯಿಲೆಕ್ಕ. ಅವಳಿಗೆ ಅದು ತಪ್ಪುವದಿಲ್ಲ, ಆದರೆ ಕಾಗದದ ಮೇಲೆ ಅದು ಇಲ್ಲ. ಈ ಕಾರಣದಿಂದ ಎಂಟನೆಯ ತರಗತಿಯ ಲೆಕ್ಕದ ಪಾಠದಲ್ಲಿ, ಮೀನಿನ ವ್ಯಾಪಾರವಿರುವ ಮನೆಯ ಹುಡುಗಿಯರು ದಿನಕ್ಕೊಂದು ಸಾಲಿನಂತೆ ಮನೆಯ ಲೆಕ್ಕವನ್ನು ಬರೆಯುವ ಅಭ್ಯಾಸವನ್ನು ಆರಂಭಿಸಿದ್ದೇವೆ: ತಾರೀಕು, ಮೀನಿನ ಜಾತಿ, ಕೊಂಡ ಕ್ರಯ, ಮಂಜುಗಡ್ಡೆಯ ಖರ್ಚು, ರಿಕ್ಷಾ ಬಾಡಿಗೆ, ಮಾರಿದ ಕ್ರಯ, ಉಳಿದದ್ದು. ಮಳೆಗಾಲದಲ್ಲಿ ವ್ಯಾಪಾರವಿಲ್ಲವೆಂದು ಹಾಳೆಯನ್ನು ಖಾಲಿ ಬಿಡದೆ, ಇಲ್ಲದ ದಿನ ಇಲ್ಲವೆಂದೇ ಬರೆಯಬೇಕೆಂದು ಹೇಳಿದ್ದೇವೆ. ಮಾದರಿಯ ಹಾಳೆಗಳು ಶಾಲೆಯ ಕಚೇರಿಯಲ್ಲಿ ದೊರಕುವವು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಈ ಕಸುಬಿನಲ್ಲಿರುವವರಿಗಾಗಲಿ ಅವರ ನೆರೆಯವರಿಗಾಗಲಿ ಬೇಕಾದಲ್ಲಿ ಯಾವ ಶನಿವಾರವಾದರೂ ಬಂದು ತೆಗೆದುಕೊಳ್ಳಬಹುದು; ತುಂಬುವ ಕ್ರಮವನ್ನು ಎಂಟನೆಯ ತರಗತಿಯವರೇ ತೋರಿಸಿಕೊಡುವರು.